ಇಲ್ಲವೆಂದ ಮಾತ್ರಕ್ಕೆ ಇಲ್ಲವೇ?

ಎಚ್ಚರಿಕೆಯ ಮಾತಿಗೆ ನಮ್ಮ ಬಾಳಿನಲ್ಲಿ ವಿಶೇಷವಾದ ಒಂದು ಗೌರವವಿದೆ. ಮಿಕ್ಕ ಮಾತುಗಳನ್ನು ಬಿಡುವಿದ್ದಾಗ ಕೇಳುತ್ತೇವೆ. ಎಚ್ಚರಿಕೆಯ ಮಾತನ್ನು ಕೈಯಲ್ಲಿರುವ ಕೆಲಸ ಬಿಟ್ಟು ಕೇಳುತ್ತೇವೆ. ಕತ್ತಲಲ್ಲಿ ನಡೆಯುವವನಿಗೆ ‘ಮುಂದೆ ಹಾಳುಬಾವಿ ಇದೆ’ ಎಂದು ಕೂಗಿ ಹೇಳಿದವನು ಅಪರಿಚಿತನಾದರೂ ಆ ಗಳಿಗೆಗೆ ಬಂಧುವೇ ಸರಿ. ಆದರೆ ಎಚ್ಚರಿಕೆಯೇ ತಪ್ಪಾಗಿದ್ದರೆ? ಬಾವಿಯಿಲ್ಲದ ಕಡೆ ಬಾವಿ ಇದೆಯೆಂದು ಕೂಗಿದರೆ? ಒಮ್ಮೆ ತಪ್ಪಿದ ಬಾಯಿಯನ್ನು ಮತ್ತೊಮ್ಮೆ ನಂಬಬಹುದೇ? ಎಲ್ಲ ಎಚ್ಚರಿಕೆಗೂ ಬೆಚ್ಚಿಬೀಳುವುದು ವಿವೇಕವೇ, ಯಾವುದಕ್ಕೂ ಕಿವಿಗೊಡದಿರುವುದು ಧೈರ್ಯವೇ? ಈ ಪ್ರಶ್ನೆಗಳು ಹಳೆಯವು. ಇಂದು ಅವು ಹೊಸ ವೇಷ ತೊಟ್ಟು, ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಕಾಣಿಸುವ ಒಂದು ಸಣ್ಣ ಚಿಹ್ನೆಯಾಗಿ ನಮ್ಮ ಮನೆಯೊಳಗೆ ಬಂದಿವೆ.

ಪರದೆಯ ಮೂಲೆಯ ಚಿಹ್ನೆ

ಒಂದು ಕಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಪಟ್ಟಣಗಳಲ್ಲಿ ಅಂತರ್ಜಾಲದ ಕೆಲಸವಿದ್ದವರು ಸೈಬರ್ ಕೆಫೆಯನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಇಂದು ಅನೇಕ ಮನೆಗಳಲ್ಲೇ ವೈಫೈ ಇದೆ. 2020ರ ಲಾಕ್‌ಡೌನ್ ಮಕ್ಕಳ ಪಾಠವನ್ನು ಪರದೆಗೆ ತಂದಿತು. ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಈಗ ಅದೇ ದಾರಿಯಲ್ಲಿ ಬರುತ್ತವೆ. ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ಕಾರಣದಿಂದ ಹಳೆಯ ಲ್ಯಾಪ್‌ಟಾಪುಗಳನ್ನು ವಿಂಡೋಸ್ 11ಕ್ಕೆ ಏರಿಸಿಕೊಂಡವರು ಬಹಳ ಮಂದಿ.

ಸಿಂದಗಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ರಾತ್ರಿಯೆಲ್ಲ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನು ಅಪ್‌ಗ್ರೇಡ್ ಆಗಿದೆ. ಬೆಳಿಗ್ಗೆ ಮಗಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕುಳಿತಿದ್ದಾಳೆ. ಅಂದೇ ಕೊನೆಯ ದಿನ. ಪರದೆಯ ಬಲಮೂಲೆಯಲ್ಲಿ ವೈಫೈ ಗೆರೆಗಳಿರಬೇಕಾದಲ್ಲಿ ಭೂಗೋಳದ ಚಿಹ್ನೆ, ಅದರ ಪಕ್ಕದಲ್ಲಿ ‘ಇಂಟರ್ನೆಟ್ ಇಲ್ಲ’ ಎಂಬ ಒಕ್ಕಣೆ. “ಯಪ್ಪಾ, ನೆಟ್ ಇಲ್ಲಂತ ತೋರಸ್ಲಾಕತ್ತದ ನೋಡು,” ಎಂದು ಅವಳು ಕೂಗುತ್ತಾಳೆ. ತಂದೆ ಬಂದು ನೋಡುತ್ತಾನೆ, ವೈಫೈ ಪೆಟ್ಟಿಗೆಯ ಸ್ವಿಚ್ಚನ್ನು ಎರಡು ಸಲ ಆರಿಸಿ ಹಚ್ಚುತ್ತಾನೆ, ಕೇಬಲ್ಲಿನವನಿಗೆ ಫೋನ್ ಮಾಡಿ ಸಿಟ್ಟಾಗುತ್ತಾನೆ. ಕೊನೆಗೆ ಮಗಳ ಕಾಗದಪತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಇಬ್ಬರೂ ಪೇಟೆಗೆ ಹೊರಡುತ್ತಾರೆ. ಅರ್ಧ ದಿನದ ಕೂಲಿಯೂ ಹೋಯಿತು, ಮನಸ್ಸೂ ಕೆಟ್ಟಿತು. ಇಷ್ಟೆಲ್ಲ ಆಗುವಾಗ ಒಂದನ್ನು ಮಾತ್ರ ಯಾರೂ ಮಾಡಲಿಲ್ಲ: ಆ ಅರ್ಜಿಯ ಪುಟವನ್ನು ತೆರೆದು ನೋಡಲಿಲ್ಲ. ತೆರೆದಿದ್ದರೆ ಅದು ತೆರೆದುಕೊಳ್ಳುತ್ತಿತ್ತು. ಅಂತರ್ಜಾಲ ಇತ್ತು, ಇಲ್ಲವೆಂದು ಹೇಳಿದ ಚಿಹ್ನೆ ತಪ್ಪಿತ್ತು.

ಯಂತ್ರ ಕೇಳುವ ಒಂದೇ ಪ್ರಶ್ನೆ

ಹೀಗೇಕೆ ಆಗುತ್ತದೆ? ವೈಫೈ ಎಂಬುದು ನಮ್ಮ ಲ್ಯಾಪ್‌ಟಾಪಿನಿಂದ ಮನೆಯ ಮೂಲೆಯಲ್ಲಿರುವ ಪೆಟ್ಟಿಗೆಯವರೆಗಿನ ಸಂಪರ್ಕ. ಆ ಪೆಟ್ಟಿಗೆಯಿಂದ ಹೊರಜಗತ್ತಿಗೆ ಇರುವುದು ಬೇರೊಂದು ಸಂಪರ್ಕ. ಮೊದಲನೆಯದು ಮನೆಯ ಅಂಗಳವಾದರೆ ಎರಡನೆಯದು ಊರ ಹೊರಗಿನ ರಸ್ತೆ. ಅಂಗಳ ಸರಿಯಿದೆಯೇ ಎಂಬುದು ಲ್ಯಾಪ್‌ಟಾಪಿಗೆ ನೇರವಾಗಿ ತಿಳಿಯುತ್ತದೆ. ರಸ್ತೆ ತೆರೆದಿದೆಯೇ ಎಂಬುದು ನೇರವಾಗಿ ತಿಳಿಯದು. ಅದನ್ನು ತಿಳಿಯಲು ಯಂತ್ರ ಒಂದು ಉಪಾಯ ಮಾಡುತ್ತದೆ.

2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಮೊದಲುಗೊಂಡು ಈ ಉಪಾಯ ಬಳಕೆಯಲ್ಲಿದೆ. ಲ್ಯಾಪ್‌ಟಾಪ್ ವೈಫೈಗೆ ಸೇರಿದ ಕೂಡಲೇ, ನಮಗೆ ತಿಳಿಯದಂತೆ, ಮೈಕ್ರೋಸಾಫ್ಟಿನ ಒಂದು ನಿರ್ದಿಷ್ಟ ವಿಳಾಸಕ್ಕೆ ಹೋಗಿ ಅಲ್ಲಿರುವ ಒಂದು ಪುಟ್ಟ ಕಡತವನ್ನು ಕೇಳುತ್ತದೆ. ಆ ಕಡತದಲ್ಲಿರುವುದು ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರೇ ಶಬ್ದ. ಆ ಮೂರು ಶಬ್ದ ತಪ್ಪದೆ ಮರಳಿ ಬಂದರೆ ಲೋಕ ತೆರೆದಿದೆ ಎಂದು ತೀರ್ಪು. ಬರದಿದ್ದರೆ, ಅಥವಾ ಬೇರೇನೋ ಬಂದರೆ, ‘ಇಂಟರ್ನೆಟ್ ಇಲ್ಲ’ ಎಂಬ ಶಂಕೆ. ಆ ಶಂಕೆಯನ್ನೇ ಅದು ನಮಗೆ ಖಚಿತ ಸುದ್ದಿಯೆಂಬಂತೆ ತೋರಿಸುತ್ತದೆ.

ಉತ್ತರ ಬರದಿರಲು ರಸ್ತೆಯೇ ಕಡಿದುಹೋಗಿರಬೇಕೆಂದಿಲ್ಲ. ವಿಪಿಎನ್ ಎಂಬ ಸುತ್ತುದಾರಿಯನ್ನೋ ಪ್ರಾಕ್ಸಿ ಎಂಬ ಮಧ್ಯವರ್ತಿಯನ್ನೋ ನಾವು ಹಾಕಿಕೊಂಡಿರಬಹುದು. ವೈರಸ್ ತಡೆಯುವ ತಂತ್ರಾಂಶವು ಅಪ್‌ಗ್ರೇಡ್ ಆದ ಮೇಲೆ ಆ ಗುಟ್ಟಿನ ವಿಚಾರಣೆಯನ್ನು ಅನುಮಾನದಿಂದ ತಡೆದಿರಬಹುದು. ಹೆಸರನ್ನು ವಿಳಾಸವನ್ನಾಗಿ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆ ಆ ಒಂದು ಹೆಸರಿಗೆ ಮಾತ್ರ ಉತ್ತರಿಸದಿರಬಹುದು. ಕೆಲವೊಮ್ಮೆ ಅಪ್‌ಗ್ರೇಡಿನಲ್ಲೇ ಲೋಪವಿರುತ್ತದೆ. 2020ರ ಫೆಬ್ರವರಿ ಕೊನೆಯಲ್ಲಿ ಬಂದ ವಿಂಡೋಸ್ 10ರ ಒಂದು ಪರಿಷ್ಕರಣೆಯ ಬಳಿಕ, ಪ್ರಾಕ್ಸಿ ಅಥವಾ ವಿಪಿಎನ್ ಬಳಸುವವರ ಯಂತ್ರಗಳಲ್ಲಿ ಸಂಪರ್ಕದ ಸ್ಥಿತಿ ತಪ್ಪಾಗಿ ತೋರುವ ತೊಂದರೆ ಕಂಡಿತು. ಲೋಕವೇ ಮನೆಯಿಂದ ಕೆಲಸ ಮಾಡಲಾರಂಭಿಸಿದ್ದ ಆ ಮಾರ್ಚ್ ಕೊನೆಯಲ್ಲಿ ಸಂಸ್ಥೆ ಅದಕ್ಕಾಗಿಯೇ ಪ್ರತ್ಯೇಕವಾದ ತಿದ್ದುಪಡಿಯನ್ನು ಹೊರಡಿಸಬೇಕಾಯಿತು. ಅದೇ ವರ್ಷ 2004 ಎಂಬ ಸಂಖ್ಯೆಯ ಆವೃತ್ತಿಗೆ ಏರಿಸಿಕೊಂಡ ಅನೇಕರು ಇನ್ನೊಂದು ವಿಚಿತ್ರವನ್ನು ಕಂಡರು. ಬ್ರೌಸರಿನಲ್ಲಿ ಪುಟಗಳು ಸಲೀಸಾಗಿ ತೆರೆಯುತ್ತಿದ್ದವು. ಆದರೆ ಪರದೆಯ ಮೂಲೆಯ ಚಿಹ್ನೆಯ ಮಾತನ್ನು ನಂಬಿ ನಡೆಯುವ ಕೆಲವು ಆ್ಯಪ್‌ಗಳು ಮಾತ್ರ ‘ಸಂಪರ್ಕವಿಲ್ಲ’ ಎಂದು ಕೈಕಟ್ಟಿ ಕುಳಿತವು.

ಈ ಕೊನೆಯ ಸಂಗತಿಯನ್ನು ಗಮನವಿಟ್ಟು ನೋಡಬೇಕು. ರಸ್ತೆ ತೆರೆದಿತ್ತು. ತಾನಾಗಿಯೇ ಹೆಜ್ಜೆಯಿಟ್ಟ ಬ್ರೌಸರ್ ದಾರಿ ಸಾಗಿತು. ಚಿಹ್ನೆಯನ್ನು ನಂಬಿದ ಆ್ಯಪ್‌ಗಳಿಗೆ ಮಾತ್ರ ರಸ್ತೆ ಮುಚ್ಚಿತು. ಇಲ್ಲವೆಂಬ ಸುದ್ದಿಗೆ ಈ ಬಗೆಯ ಶಕ್ತಿಯಿದೆ: ಅದು ಸುಳ್ಳಾಗಿದ್ದರೂ, ನಂಬಿದವನ ಪಾಲಿಗೆ ನಿಜವಾಗಿಬಿಡುತ್ತದೆ. ನಮ್ಮ ಕಲ್ಪನೆಯ ಆ ತಂದೆ ಮಗಳಿಗೆ ಆದದ್ದೂ ಇದೇ.

ಕತ್ತಲ ಕೋಣೆಯ ಗಡಿಗೆ

ಭಾರತೀಯ ದಾರ್ಶನಿಕರು ಈ ವಿಷಯವನ್ನು ಲ್ಯಾಪ್‌ಟಾಪ್ ಹುಟ್ಟುವ ನೂರಾರು ವರ್ಷಗಳ ಹಿಂದೆಯೇ ಚರ್ಚಿಸಿದ್ದಾರೆ. ಒಂದು ವಸ್ತು ಇದೆ ಎಂಬುದನ್ನು ಕಣ್ಣಿಂದ ಕಂಡು ತಿಳಿಯುತ್ತೇವೆ. ಇಲ್ಲ ಎಂಬುದನ್ನು ಹೇಗೆ ತಿಳಿಯುತ್ತೇವೆ? ಇಲ್ಲದಿರುವುದು ಕಣ್ಣಿಗೆ ಕಾಣುವಂಥದಲ್ಲವಲ್ಲ! ಏಳನೆಯ ಶತಮಾನದ ಸುಮಾರಿಗೆ ಬಾಳಿದ ಮೀಮಾಂಸಕ ಕುಮಾರಿಲ ಭಟ್ಟ, ಇಲ್ಲದಿರುವುದನ್ನು ತಿಳಿಸುವ ಒಂದು ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದ. ಅವನ ಪರಂಪರೆಯವರೂ ಅದ್ವೈತಿಗಳೂ ಅದನ್ನು ‘ಅನುಪಲಬ್ಧಿ’ ಎಂದು ಕರೆದರು. ಕಾಣದಿರುವುದು ಎಂದು ಅದರ ಅರ್ಥ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಅವರು ಇದಕ್ಕೆ ಒಂದು ಕಟ್ಟುನಿಟ್ಟಾದ ಷರತ್ತನ್ನೂ ಹಾಕಿದರು. ಗಡಿಗೆ ಅಲ್ಲಿ ಇದ್ದಿದ್ದರೆ ಖಂಡಿತವಾಗಿ ಕಾಣುತ್ತಿತ್ತು ಎಂಬ ಪರಿಸ್ಥಿತಿ ಇರಬೇಕು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು, ಮಧ್ಯೆ ಮರೆಯಿರಬಾರದು. ಇಂಥ ಯೋಗ್ಯತೆಯುಳ್ಳ ಅನುಪಲಬ್ಧಿಯೇ ಪ್ರಮಾಣ. ಕತ್ತಲ ಕೋಣೆಯ ಬಾಗಿಲಲ್ಲಿ ನಿಂತು ‘ಗಡಿಗೆ ಕಾಣಲಿಲ್ಲ, ಆದ್ದರಿಂದ ಗಡಿಗೆ ಇಲ್ಲ’ ಎನ್ನುವುದು ಜ್ಞಾನವಲ್ಲ, ಅದು ಅವಸರ.

ಲ್ಯಾಪ್‌ಟಾಪಿನ ಆ ಚಿಹ್ನೆ ಮಾಡುವುದು ಇದನ್ನೇ. ಒಂದು ಮನೆಯ ಬಾಗಿಲನ್ನು ತಟ್ಟಿತು, ಓಗೊಡಲಿಲ್ಲ, ಇಡೀ ಊರೇ ಖಾಲಿ ಎಂದಿತು. ಅದು ನಿಜವಾಗಿ ಹೇಳಬೇಕಾದದ್ದು, ‘ನಾನು ಕೇಳಿದ ಒಂದು ಪ್ರಶ್ನೆಗೆ ನಿರೀಕ್ಷಿಸಿದ ಉತ್ತರ ಬರಲಿಲ್ಲ’ ಎಂದು. ಅಷ್ಟು ಉದ್ದದ ಮಾತಿಗೆ ಪರದೆಯ ಮೂಲೆಯಲ್ಲಿ ಜಾಗವಿಲ್ಲ. ಆದ್ದರಿಂದ ‘ಇಲ್ಲ’ ಎಂಬ ಒಂದೇ ಮಾತು. ಯಂತ್ರದ ಮೇಲೆ ಸಿಟ್ಟಾಗಬೇಕಾಗಿಲ್ಲ. ಸುಳ್ಳಿಗೆ ವಂಚಿಸುವ ಉದ್ದೇಶ ಬೇಕು ಎಂದು ಸಂತ ಅಗಸ್ಟೀನರು ನಾಲ್ಕನೆಯ ಶತಮಾನದ ಕೊನೆಯಲ್ಲೇ ವಿವೇಚಿಸಿದ್ದಾರೆ. ತಾನು ನಿಜವೆಂದು ಬಗೆದದ್ದನ್ನು ಹೇಳಿ ತಪ್ಪಿದವನು ಸುಳ್ಳುಗಾರನಲ್ಲ. ಯಂತ್ರಕ್ಕೆ ಉದ್ದೇಶವೇ ಇಲ್ಲ. ಅದು ಕಿರಿದಾದ ಕಿಟಕಿಯಿಂದ ನೋಡುವ ಸಾಕ್ಷಿ. ಅಂಥ ಸಾಕ್ಷಿಯನ್ನು ಕಟಕಟೆಯಿಂದ ಓಡಿಸಬಾರದು, ಅದರ ಒಂದೇ ಮಾತಿನ ಮೇಲೆ ತೀರ್ಪನ್ನೂ ಬರೆಯಬಾರದು. ‘ನೀನು ನೋಡಿದ್ದೇನು, ಎಲ್ಲಿಂದ ನೋಡಿದೆ?’ ಎಂದು ಕೇಳಬೇಕು.

ಮನೆಯಲ್ಲಿ ಹೀಗೆ ಕೇಳುವುದು ಕಷ್ಟದ ಕೆಲಸವಲ್ಲ. ಮೊದಲು ಬ್ರೌಸರನ್ನು ತೆರೆದು, ಹಿಂದೆ ನೋಡಿರದ ಎರಡು ಬೇರೆ ಬೇರೆ ತಾಣಗಳಿಗೆ ಹೋಗಿ ನೋಡಬೇಕು. ಅದೇ ವೈಫೈಗೆ ಸೇರಿರುವ ಫೋನಿನಲ್ಲಿ, ಅದರ ಮೊಬೈಲ್ ಡೇಟಾವನ್ನು ಆರಿಸಿ, ಅಂತರ್ಜಾಲ ಬರುತ್ತದೆಯೇ ನೋಡಬೇಕು. ಫೋನಿಗೆ ಬಂದು ಲ್ಯಾಪ್‌ಟಾಪಿಗೆ ಬಾರದಿದ್ದರೆ ತೊಂದರೆ ರಸ್ತೆಯಲ್ಲಿಲ್ಲ, ಲ್ಯಾಪ್‌ಟಾಪಿನಲ್ಲಿದೆ. ಆಗ ವಿಪಿಎನ್, ಪ್ರಾಕ್ಸಿ ಇದ್ದರೆ ಆರಿಸಿ, ದಿನಾಂಕ ಮತ್ತು ವೇಳೆ ಸರಿಯಿವೆಯೇ ಎಂದು ನೋಡಿ, ಒಮ್ಮೆ ಪೂರ್ತಿಯಾಗಿ ರೀಸ್ಟಾರ್ಟ್ ಮಾಡಬೇಕು. ಬಾಕಿಯಿರುವ ಪರಿಷ್ಕರಣೆಗಳಿದ್ದರೆ ಹಾಕಿಕೊಳ್ಳಬೇಕು. ಪುಟಗಳೆಲ್ಲ ತೆರೆಯುತ್ತಿದ್ದು ಚಿಹ್ನೆ ಮಾತ್ರ ತಪ್ಪಾಗಿದ್ದರೆ ಕೆಲಸವನ್ನು ಮುಂದುವರಿಸಬಹುದು. ಇದಕ್ಕೆಲ್ಲ ಹತ್ತು ನಿಮಿಷ ಸಾಕು. ಸಾಕ್ಷಿ ಒಂದೇ ಇದ್ದಾಗ ಎರಡನೆಯದನ್ನು ಹುಡುಕುವುದೇ ಇದರ ಸಾರ.

ಎರಡನೆಯ ಸಾಕ್ಷಿಗಾಗಿ ಕಾದವನು

ಎರಡನೆಯ ಸಾಕ್ಷಿಯ ಬೆಲೆ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಒಕ್ಕೂಟದ ಮುನ್ನೆಚ್ಚರಿಕೆ ಕೇಂದ್ರವೊಂದರಲ್ಲಿ ಸ್ತನಿಸ್ಲಾವ್ ಪೆತ್ರೋವ್ ಎಂಬ ಸೇನಾಧಿಕಾರಿ ಕರ್ತವ್ಯದಲ್ಲಿದ್ದರು. ಅಮೆರಿಕೆಯಿಂದ ಕ್ಷಿಪಣಿ ಹೊರಟಿದೆ ಎಂದು ಉಪಗ್ರಹ ವ್ಯವಸ್ಥೆ ಎಚ್ಚರಿಸಿತು. ಮೊದಲು ಒಂದು, ಆಮೇಲೆ ಒಟ್ಟು ಐದು. ಅವರು ಯೋಚಿಸಿದರು. ಯುದ್ಧ ಹೂಡುವವರು ಐದೇ ಕ್ಷಿಪಣಿಗಳನ್ನು ಬಿಡುತ್ತಾರೆಯೇ? ನೆಲದ ಮೇಲಿನ ರೇಡಾರ್‌ಗಳಿಗೆ ಏನೂ ಕಾಣುತ್ತಿಲ್ಲವಲ್ಲ? ವ್ಯವಸ್ಥೆಯೂ ಹೊಸದು. ಹೀಗೆ ತೂಗಿ ನೋಡಿ, ಇದು ತಪ್ಪು ಎಚ್ಚರಿಕೆ ಎಂದು ಮೇಲಧಿಕಾರಿಗಳಿಗೆ ತಿಳಿಸಿದರು. ಎತ್ತರದ ಮೋಡಗಳಿಂದ ಪ್ರತಿಫಲಿಸಿದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿಯೆಂದು ತಿಳಿದಿತ್ತೆಂಬುದು ಆಮೇಲೆ ಹೊರಬಂತು. ಪೆತ್ರೋವರು ಎಚ್ಚರಿಕೆಯನ್ನು ಹಗುರವಾಗಿ ಕಾಣಲಿಲ್ಲ; ಅದನ್ನು ವಿಚಾರಣೆಗೆ ಗುರಿಪಡಿಸಿದರು. ಹಗುರವಾಗಿ ಕಾಣುವುದಕ್ಕೂ ವಿಚಾರಿಸುವುದಕ್ಕೂ ಇರುವ ಅಂತರವನ್ನು ನಮ್ಮ ಮಕ್ಕಳಿಗೆ ಕಲಿಸಬೇಕಾಗಿದೆ.

ಎಚ್ಚರಿಸುವವರಿಗೂ ಹೊಣೆಯಿದೆ. 2018ರ ಜನವರಿ 13ರ ಬೆಳಿಗ್ಗೆ ಅಮೆರಿಕೆಯ ಹವಾಯಿ ರಾಜ್ಯದ ಜನರ ಫೋನುಗಳಿಗೆ ಕ್ಷಿಪಣಿ ಬರುತ್ತಿದೆ, ಇದು ಅಭ್ಯಾಸವಲ್ಲ ಎಂಬ ಸಂದೇಶ ಬಂತು. ಅದು ತಪ್ಪೆಂದು ತಿಳಿಸುವ ಸಂದೇಶ ಫೋನುಗಳಿಗೆ ತಲಪಲು 38 ನಿಮಿಷ ಹಿಡಿಯಿತು. ಆ 38 ನಿಮಿಷಗಳಲ್ಲಿ ಎಷ್ಟು ತಾಯಂದಿರು ಮಕ್ಕಳನ್ನು ಅಪ್ಪಿಕೊಂಡು ಅತ್ತಿರಬೇಕು! ನಮ್ಮಲ್ಲಿಯೂ 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳು ಒಮ್ಮೆಗೇ ಕಿರುಚಿ ತುರ್ತು ಸಂದೇಶವನ್ನು ತೋರಿಸಿದವು. ಆದರೆ ಅದು ದೂರಸಂಪರ್ಕ ಇಲಾಖೆಯ ಪರೀಕ್ಷೆ ಮಾತ್ರ ಎಂದು ಮೊದಲೇ ಪ್ರಕಟಿಸಲಾಗಿತ್ತು. ಸಂದೇಶದಲ್ಲಿಯೂ ಹಾಗೆಯೇ ಬರೆದಿತ್ತು. ‘ನಾನು ಹೇಳುತ್ತಿರುವುದು ಇಷ್ಟು, ಇದಕ್ಕಿಂತ ಹೆಚ್ಚಲ್ಲ’ ಎಂದು ಸೇರಿಸಿ ಹೇಳುವುದು ಎಚ್ಚರಿಸುವವನ ಧರ್ಮ.

ಕರೆಗಂಟೆಯನ್ನೇ ಕಿತ್ತುಹಾಕಿದರೆ?

ಇನ್ನೊಂದು ಬದಿಯ ಅಪಾಯವನ್ನೂ ನೋಡಬೇಕು. ಲ್ಯಾಪ್‌ಟಾಪಿನ ಆ ಗುಟ್ಟಿನ ಪರೀಕ್ಷೆಯನ್ನೇ ನಿಲ್ಲಿಸಿಬಿಡುವ ಉಪಾಯವೂ ಇದೆ. ವ್ಯವಸ್ಥೆಯ ಒಳಗಿನ ಒಂದು ಸೆಟ್ಟಿಂಗ್‌ನಲ್ಲಿ ಒಂದು ಎಂಬ ಅಂಕಿಯನ್ನು ಸೊನ್ನೆ ಮಾಡಿದರಾಯಿತು. ಯಂತ್ರ ಆ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ. ಅನೇಕರು ಬೇಸತ್ತು ಹೀಗೆ ಮಾಡುತ್ತಾರೆ. ಆದರೆ ಆಮೇಲೆ ನಿಜವಾಗಿ ಸಂಪರ್ಕ ಕಡಿದಾಗಲೂ ಅದು ಸರಿಯಾಗಿ ತಿಳಿಸಲಾರದು. ತಪ್ಪು ಎಚ್ಚರಿಕೆಯ ಜೊತೆಗೆ ಸರಿಯಾದ ಎಚ್ಚರಿಕೆಯೂ ಹೋಯಿತು.

ವೈಫೈ ಎಚ್ಚರಿಕೆಗಳೆಲ್ಲ ಸುಳ್ಳೇನೂ ಅಲ್ಲ. ‘ಈ ವೈಫೈ ಸುರಕ್ಷಿತವಲ್ಲ, ಹಳೆಯ ಭದ್ರತೆಯನ್ನು ಬಳಸುತ್ತಿದೆ’ ಎಂಬ ಮತ್ತೊಂದು ಸೂಚನೆಯನ್ನು ವಿಂಡೋಸ್ 10 2019ರ ಪರಿಷ್ಕರಣೆಯಿಂದ ತೋರಿಸತೊಡಗಿತು. ಅಪ್‌ಗ್ರೇಡ್ ಆದ ಮೇಲೆ ಇದನ್ನು ಕಂಡವರು, ‘ನಿನ್ನೆಯವರೆಗೆ ಸರಿಯಿತ್ತಲ್ಲ, ಇದೂ ಸುಳ್ಳೇ’ ಎಂದುಕೊಳ್ಳುವುದು ಸಹಜ. ಆದರೆ ಇದು ನಿಜ. 1997ರ ವೈಫೈ ಮಾನದಂಡದೊಂದಿಗೆ ಬಂದ ಡಬ್ಲ್ಯುಇಪಿ ಎಂಬ ಬೀಗವನ್ನು ಒಡೆಯುವ ಬಗೆಯನ್ನು ಸಂಶೋಧಕರು 2001ರಲ್ಲೇ ತೋರಿಸಿಕೊಟ್ಟಿದ್ದರು. ಬೀಗ ನಿನ್ನೆಯೂ ದುರ್ಬಲವಾಗಿತ್ತು. ಹೇಳುವವರು ಇಂದು ಬಂದರು, ಅಷ್ಟೆ. ಅಂಥ ಸೂಚನೆ ಬಂದರೆ ವೈಫೈ ಪೆಟ್ಟಿಗೆಯ ಭದ್ರತೆಯನ್ನು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3ಕ್ಕೆ ಬದಲಿಸಬೇಕು. ಹೀಗೆ ಒಂದೇ ಮೂಲೆಯಲ್ಲಿ, ಒಂದೇ ಬಗೆಯ ಅಕ್ಷರಗಳಲ್ಲಿ ತಪ್ಪು ಎಚ್ಚರಿಕೆಯೂ ನಿಜವಾದ ಎಚ್ಚರಿಕೆಯೂ ಬರುತ್ತವೆ.

ಮೂರನೆಯದೂ ಒಂದಿದೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ’ ಎಂದು ಯಾವುದೋ ಪುಟ ಕಿರುಚುತ್ತದೆ. ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ’ ಎಂದು ಫೋನಿನಲ್ಲಿ ಪೊಲೀಸ್ ವೇಷದವನು ಬೆದರಿಸುತ್ತಾನೆ. ಇವು ಕಿರಿದಾದ ಕಿಟಕಿಯ ಸಾಕ್ಷಿಗಳಲ್ಲ, ಉದ್ದೇಶಪೂರ್ವಕವಾದ ವಂಚನೆಗಳು. ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಇದನ್ನೇ ಪ್ರಸ್ತಾಪಿಸಿ, ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲವೆಂದು ಜನರಿಗೆ ತಿಳಿಸಬೇಕಾಯಿತು. ಇಂಥವುಗಳಿಗೆ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇವನ್ನು ಗುರುತಿಸುವ ಬಗೆಯೂ ಅದೇ ಹಳೆಯದು: ನಿಜವಾದ ಎಚ್ಚರಿಕೆ ವಿಚಾರಣೆಗೆ ಹೆದರುವುದಿಲ್ಲ, ವಂಚನೆ ಯೋಚಿಸಲು ಸಮಯವನ್ನೇ ಕೊಡುವುದಿಲ್ಲ.

ನದಿಯ ದಂಡೆಯಲ್ಲಿ ಬಾಳುವವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಡಿ, ಸಿಂದಗಿ ಸೀಮೆಗೆ ಭೀಮೆ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಗೆ ಕೃಷ್ಣೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಅದು ನಮ್ಮ ಊರುಗಳನ್ನು ತಲಪುವ ಮುಂಚೆ ಎಚ್ಚರಿಕೆ ತಲಪಬೇಕು. ಮೊದಲು ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯ ಗೇಟುಗಳನ್ನು ತೆರೆಯುವಾಗಲೂ ಹಾಗೆಯೇ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳಿಗೂ ಹೊಲಗಳಿಗೂ ನುಗ್ಗಿದ್ದನ್ನು ಕಂಡವರು ಈ ಓದುಗರಲ್ಲೇ ಇದ್ದಾರು. ‘ಹೋದ ವರ್ಷವೂ ಹೀಗೇ ಡಂಗುರ ಸಾರಿದರು, ನೀರು ಬರಲೇ ಇಲ್ಲ’ ಎಂದು ದನಕರುಗಳನ್ನು ಕೊಟ್ಟಿಗೆಯಲ್ಲೇ ಬಿಟ್ಟು ಮಲಗುವವನು, ಲ್ಯಾಪ್‌ಟಾಪಿನಲ್ಲಿ ಒಂದನ್ನು ಸೊನ್ನೆ ಮಾಡಿದವನ ಅಣ್ಣ. ಅಲ್ಲಿ ಹೋಗುವುದು ಅರ್ಧ ದಿನದ ಕೂಲಿ. ಇಲ್ಲಿ ಹೋಗುವುದು ಜೀವ. ವಿಚಾರಿಸಲು ಸಮಯವಿದ್ದರೆ ವಿಚಾರಿಸಬೇಕು. ಸಮಯವಿಲ್ಲದೆ, ನಂಬದಿದ್ದರೆ ಆಗುವ ಹಾನಿ ದೊಡ್ಡದಾಗಿದ್ದರೆ, ಎದ್ದು ಹೊರಡುವುದೇ ವಿವೇಕ.

ಮನೆಯೊಳಗಿನ ‘ಸಂಪರ್ಕವಿಲ್ಲ’

ಲ್ಯಾಪ್‌ಟಾಪಿನ ಚಿಹ್ನೆ ಮಾಡುವ ತಪ್ಪನ್ನು ನಮ್ಮ ಮನಸ್ಸೂ ಮಾಡುತ್ತದೆ. ನಮ್ಮ ಈ ತಾಲ್ಲೂಕುಗಳಿಂದ ಪುಣೆ, ಮುಂಬಯಿ, ಗೋವೆ, ಬೆಂಗಳೂರುಗಳಿಗೆ ದುಡಿಯಲು ಹೋದ ಮಕ್ಕಳು ಎಷ್ಟೋ ಮಂದಿ. ತಾಯಿ ಫೋನ್ ಮಾಡುತ್ತಾಳೆ, ಮಗ ಎತ್ತುವುದಿಲ್ಲ. ಮರುದಿನವೂ ಎತ್ತುವುದಿಲ್ಲ. ‘ಮಗ ನಮ್ಮನ್ನು ಮರೆತ’ ಎಂಬ ಅಕ್ಷರಗಳು ಅವಳ ಮನಸ್ಸಿನ ಪರದೆಯಲ್ಲಿ ಮೂಡುತ್ತವೆ. ಮಗ ರಾತ್ರಿಪಾಳಿ ಮುಗಿಸಿ ಮಲಗಿರಬಹುದು. ಫೋನ್ ಒಡೆದಿರಬಹುದು. ಮನೆಗೆ ಕಳುಹಿಸಲು ಹಣ ಕೂಡಿಲ್ಲವೆಂಬ ನಾಚಿಕೆಯಿಂದ ಎತ್ತದಿರಲೂಬಹುದು. ಅವಳು ಕೇಳಿದ್ದು ಒಂದು ಪ್ರಶ್ನೆ, ತಟ್ಟಿದ್ದು ಒಂದು ಬಾಗಿಲು. ಆದರೆ ತೀರ್ಪು ಇಡೀ ಸಂಬಂಧದ ಮೇಲೆ. ಆ ತೀರ್ಪನ್ನು ಅವಳು ನಂಬಿದರೆ ಮುಂದೆ ಫೋನ್ ಮಾಡುವುದನ್ನೇ ಬಿಡುತ್ತಾಳೆ. ಮಗನೂ ‘ಅವ್ವ ಸಿಟ್ಟಾಗಿದ್ದಾಳೆ’ ಎಂದು ಸುಮ್ಮನಾಗುತ್ತಾನೆ. ಆಗ ಸುಳ್ಳಾಗಿದ್ದ ‘ಸಂಪರ್ಕವಿಲ್ಲ’ ನಿಜವಾಗಿಬಿಡುತ್ತದೆ, ಆ ಆ್ಯಪ್‌ಗಳ ಪಾಲಿಗೆ ಆದಂತೆ.

ಹೊಲದ ಬದುವಿನ ಜಗಳದಿಂದ ಮಾತುಬಿಟ್ಟ ಅಣ್ಣತಮ್ಮಂದಿರು, ಮದುವೆಗೆ ಕರೆಯಲಿಲ್ಲವೆಂದು ಮುನಿದ ಬೀಗರು, ‘ಅವನ ಜೊತೆ ಮಾತಾಡಿ ಪ್ರಯೋಜನವಿಲ್ಲ’ ಎಂದು ಬೆಳೆದ ಮಗನ ವಿಷಯದಲ್ಲಿ ಕೈಚೆಲ್ಲಿದ ತಂದೆ, ಇವರೆಲ್ಲರ ಎದೆಯ ಮೂಲೆಯಲ್ಲೂ ಆ ಚಿಹ್ನೆ ಉರಿಯುತ್ತಿದೆ. ಅದು ಎಂದೋ ಮಾಡಿದ ಒಂದು ಪರೀಕ್ಷೆಯ ಫಲಿತಾಂಶ. ಆಮೇಲೆ ಯಾರೂ ಪುಟವನ್ನು ತೆರೆದು ನೋಡಿಲ್ಲ.

ಈ ಅನುಭವ ಪ್ರವಾದಿಗಳಿಗೂ ಹೊಸದಲ್ಲ. ಅರಸುಗಳ ಮೊದಲನೆಯ ಗ್ರಂಥದಲ್ಲಿ ಎಲೀಯನು ಹೋರೇಬ್ ಬೆಟ್ಟದ ಗವಿಯಲ್ಲಿ ಕುಳಿತು, ದೇವರಿಗೆ ನಿಷ್ಠನಾಗಿ ಉಳಿದವನು ತಾನೊಬ್ಬನೇ ಎಂದು ದುಃಖಿಸುತ್ತಾನೆ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಕಂಡದ್ದು ಅಷ್ಟೇ. ಆದರೆ ಮಂಡಿಯೂರದೆ ಉಳಿದವರು ಇಸ್ರಯೇಲಿನಲ್ಲಿ ಏಳು ಸಾವಿರ ಮಂದಿ ಇದ್ದಾರೆಂದು ದೇವರು ತಿಳಿಸುತ್ತಾರೆ. ಗವಿಯಿಂದ ಏಳು ಸಾವಿರ ಜನ ಕಾಣುವುದಿಲ್ಲ. ದೇವರು ಅವನನ್ನು ಗದರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಗವಿಯಿಂದ ಹೊರಗೆ ಕರೆದು ಮಾಡುವ ಕೆಲಸವನ್ನು ಕೊಟ್ಟರು. ಆ ಕೆಲಸದ ದಾರಿಯಲ್ಲಿ ಅವನಿಗೆ ಎಲೀಷನೆಂಬ ಸಂಗಾತಿ ಸಿಕ್ಕಿದ.

ಲಚ್ಯಾಣದ ಆ ಇಪ್ಪತ್ತು ಗಂಟೆ

ಇಲ್ಲವೆಂಬ ಮಾತನ್ನು ಸುಲಭವಾಗಿ ಒಪ್ಪದವರು ಏನು ಮಾಡಬಲ್ಲರೆಂಬುದನ್ನು ನಮ್ಮ ಇಂಡಿ ತಾಲ್ಲೂಕೇ ನಾಡಿಗೆ ತೋರಿಸಿದೆ. 2024ರ ಏಪ್ರಿಲ್ 3ರ ಸಂಜೆ ಲಚ್ಯಾಣ ಗ್ರಾಮದಲ್ಲಿ ಇನ್ನೂ ಎರಡು ವರ್ಷ ತುಂಬುವ ಆಸುಪಾಸಿನ ಮಗುವೊಂದು ತೆರೆದ ಕೊಳವೆಬಾವಿಗೆ ತಲೆಕೆಳಗಾಗಿ ಬಿತ್ತು. ಕೊಳವೆಬಾವಿಯ ಬಾಯಿಗೆ ಮುಚ್ಚಳವಿರಲಿಲ್ಲ; ಎಚ್ಚರಿಸುವ ಗುರುತೂ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅದು ಒಂದು ಪಾಠ. ಆದರೆ ಅದಕ್ಕಿಂತ ದೊಡ್ಡ ಪಾಠ ಆಮೇಲಿನದು. ಮೇಲೆ ನಿಂತವರ ಕಣ್ಣಿಗೆ ಒಳಗೇನೂ ಕಾಣದು. ಇಂಥ ಅವಘಡಗಳಲ್ಲಿ ಮಕ್ಕಳು ಉಳಿಯದೆ ಹೋದದ್ದನ್ನು ನಾಡು ಹಲವು ಸಲ ಕಂಡಿತ್ತು. ಕತ್ತಲ ಕೋಣೆಯ ಗಡಿಗೆಯ ತರ್ಕವನ್ನು ಹಿಡಿದಿದ್ದರೆ ‘ಇನ್ನಿಲ್ಲ’ ಎಂದು ಹೇಳಿ ಕೈಬಿಡಬಹುದಾಗಿತ್ತು.

ರಕ್ಷಣಾ ಪಡೆಯವರು ಹಾಗೆ ಮಾಡಲಿಲ್ಲ. ಕಣ್ಣು ತಲಪದ ಕಡೆಗೆ ಕ್ಯಾಮೆರಾವನ್ನು ಇಳಿಸಿದರು. ಅದರಲ್ಲಿ ಮಗುವಿನ ಕಾಲು ಅಲುಗುವುದು ಕಂಡಿತು. ಅಷ್ಟೇ ಸಾಕಾಯಿತು. ಪಕ್ಕದಲ್ಲಿ ಗುಂಡಿ ತೋಡಿ, ಗಟ್ಟಿ ಕಲ್ಲನ್ನು ಒಡೆದು, ರಾತ್ರಿಯೆಲ್ಲ ದುಡಿದರು. ಸುಮಾರು ಇಪ್ಪತ್ತು ಗಂಟೆಗಳ ಬಳಿಕ, ಏಪ್ರಿಲ್ 4ರ ಮಧ್ಯಾಹ್ನ, ಮಗು ಜೀವಂತವಾಗಿ ಹೊರಬಂತು. ಕಾಣಲಿಲ್ಲವೆಂಬುದನ್ನು ಇಲ್ಲವೆಂದು ಓದದೆ, ಕಾಣುವಂಥ ಪರಿಸ್ಥಿತಿಯನ್ನು ಮೊದಲು ಕಲ್ಪಿಸಿಕೊಂಡು ನೋಡಿದ್ದರಿಂದ ಒಂದು ಜೀವ ಉಳಿಯಿತು. ಕುಮಾರಿಲ ಭಟ್ಟನ ಪರಂಪರೆಯವರು ಹಾಕಿದ ಷರತ್ತನ್ನು ಅವರು ಓದಿರಲಿಲ್ಲ, ಪಾಲಿಸಿದ್ದರು.

ಓದುಗರೇ, ಅರಿವಿಗೆ ದೊಡ್ಡ ಬೆಲೆ ಕೊಟ್ಟ ಶರಣರ ನೆಲ ನಮ್ಮದು. ಬಸವನ ಬಾಗೇವಾಡಿಯ ಮಣ್ಣಿನಲ್ಲಿ ಬಾಳುವವರಿಗೆ ಅರಿವು ಎಂದರೆ ಕೇಳಿದ್ದನ್ನೆಲ್ಲ ನಂಬುವುದೂ ಅಲ್ಲ, ಎಲ್ಲವನ್ನೂ ತಳ್ಳಿಹಾಕುವುದೂ ಅಲ್ಲ ಎಂಬುದು ತಿಳಿದೇ ಇದೆ. ಇನ್ನೊಮ್ಮೆ ನಿಮ್ಮ ಲ್ಯಾಪ್‌ಟಾಪ್ ‘ಇಂಟರ್ನೆಟ್ ಇಲ್ಲ’ ಎಂದರೆ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಅದು ಯಾವ ಬಾಗಿಲನ್ನು ತಟ್ಟಿ ಬಂದು ಹೀಗೆನ್ನುತ್ತಿದೆ ಎಂದು ಅವರಿಗೆ ವಿವರಿಸಿ, ಜೊತೆಗೇ ಪುಟವನ್ನು ತೆರೆದು ನೋಡಿ. ಇತರರ ವಿಷಯದಲ್ಲಿ ನೀವೇ ‘ಇಲ್ಲ’ ಎಂಬ ಮಾತನ್ನು ಆಡುವ ಮುಂಚೆ, ‘ನಾನು ನೋಡಿದ್ದು ಇಷ್ಟೇ’ ಎಂದು ಸೇರಿಸುವ ಅಭ್ಯಾಸ ಮಾಡಿಕೊಳ್ಳಿ. ಆಮೇಲೆ, ವರ್ಷಗಳಿಂದ ‘ಸಂಪರ್ಕವಿಲ್ಲ’ ಎಂದು ಬರೆದಿಟ್ಟುಕೊಂಡಿರುವ ಒಂದು ಹೆಸರು ನಿಮ್ಮ ಮನಸ್ಸಿನಲ್ಲಿದ್ದರೆ, ಈ ವಾರ ಅವರಿಗೆ ಒಂದು ಫೋನ್ ಮಾಡಿ. ಎತ್ತದಿದ್ದರೆ ಇನ್ನೊಂದು ಸಲ ಮಾಡಿ. ಆಗಲೂ ಎತ್ತದಿದ್ದರೆ, ಬಸ್ಸು ಹತ್ತಿ ಅವರ ಮನೆಯವರೆಗೆ ಹೋಗಿ ಬನ್ನಿ.